ಅಮ್ಮನ ರಕ್ತದಲ್ಲಿ ತಮ್ಮನ ಕಾಯಿಲೆಯನ್ನು ಹುಡುಕಿದ್ದು

ನನ್ನ ತಮ್ಮ ಡುಷೆನ್ ಸ್ನಾಯುಕ್ಷಯದಿಂದ 2011ರಲ್ಲಿ ತೀರಿಕೊಂಡ. ಅವನಿಗೆ ಆಗ 19 ವರ್ಷ. ಕಾಯಿಲೆಯ ಹೆಸರು ನಮಗೆ ಹನ್ನೆರಡು ವರ್ಷಗಳಿಂದ ಗೊತ್ತಿತ್ತು. 1999ರಲ್ಲಿ ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಅವನ ತೊಡೆಯಿಂದ ಸ್ನಾಯುವಿನ ಸಣ್ಣ ಚೂರು ತೆಗೆದು ನೋಡಿ, ಡಿಸ್ಟ್ರೋಫಿನ್ ಎಂಬ ಪ್ರೋಟೀನ್ ಅದರಲ್ಲಿ ಕಾಣಿಸುತ್ತಿಲ್ಲ ಎಂದು ಬರೆದುಕೊಟ್ಟಿದ್ದರು. ಆದರೆ ಆ ಪ್ರೋಟೀನ್ ಏಕೆ ಇಲ್ಲ, ಜೀನಿನ ಯಾವ ಭಾಗದಲ್ಲಿ ಏನು ಕೆಟ್ಟಿದೆ ಎಂಬುದನ್ನು ಯಾರೂ ಪರೀಕ್ಷಿಸಲಿಲ್ಲ. ಅದನ್ನು ತಿಳಿದರೆ ಹುಡುಗನಿಗೆ ಯಾವ ಔಷಧವೂ ಸಿಗುವುದಿಲ್ಲ, ಸುಮ್ಮನೆ ಖರ್ಚು ಎಂದರು. ಅಪ್ಪನ ಕೈಯಲ್ಲಿ ಊರಿಗೆ ಮರಳುವ ಬಸ್ ಚಾರ್ಜಿಗಿಂತ ಹೆಚ್ಚೇನೂ ಇರಲಿಲ್ಲ. ಅವನಿಗೊಬ್ಬಳು ಅಕ್ಕ ಇದ್ದಾಳೆ, ಮುಂದೆ ಅವಳಿಗೆ ಈ ಮಾಹಿತಿ ಬೇಕಾಗುತ್ತದೆ ಎಂಬ ಮಾತು ಆ ಕೋಣೆಯಲ್ಲಿ ಬರಲೇ ಇಲ್ಲ.

ನನ್ನ ಮದುವೆ ಗೊತ್ತಾದಾಗ ಅದು ಬಂತು. ಹುಡುಗನ ಕಡೆಯವರಿಗೆ ತಮ್ಮನ ವಿಷಯವನ್ನು ನಾನೇ ಹೇಳಿದ್ದೆ. ಅವರು ಒಳ್ಳೆಯವರು, ಒಂದು ಪರೀಕ್ಷೆ ಮಾಡಿಸಿಕೊಂಡು ಬಿಡು ಎಂದಷ್ಟೇ ಹೇಳಿದರು. ಜಿಲ್ಲಾ ಕೇಂದ್ರದ ವೈದ್ಯರೊಬ್ಬರು ಸಿಪಿಕೆ ಎಂಬ ರಕ್ತಪರೀಕ್ಷೆ ಬರೆದರು. ಸ್ನಾಯು ಹಾಳಾದಾಗ ರಕ್ತಕ್ಕೆ ಸೋರುವ ಕಿಣ್ವವನ್ನು ಅಳೆಯುವ ಪರೀಕ್ಷೆ ಅದು. ತಮ್ಮನಲ್ಲಿ ಅದು ಹತ್ತು ಸಾವಿರ ದಾಟಿತ್ತು. ನನ್ನದು ಇನ್ನೂರರ ಒಳಗಿತ್ತು. ನಿಮಗೇನೂ ಇಲ್ಲ, ನಿಶ್ಚಿಂತೆಯಿಂದಿರಿ ಎಂದು ಕಳುಹಿಸಿದರು. ಮನೆಯವರೆಲ್ಲ ನಿಟ್ಟುಸಿರು ಬಿಟ್ಟರು.

ಆ ಮಾತು ಸರಿಯಲ್ಲ ಎಂದು ತಿಳಿದದ್ದು ಎರಡು ವರ್ಷದ ನಂತರ, ಮಗು ಬೇಕೆಂದು ನಾವು ಯೋಚಿಸತೊಡಗಿದಾಗ. ಈ ಕಾಯಿಲೆಯ ಜೀನ್ ಎಕ್ಸ್ ವರ್ಣತಂತುವಿನ ಮೇಲಿದೆ. ಗಂಡಸಿಗೆ ಎಕ್ಸ್ ಒಂದೇ. ಅದರಲ್ಲಿ ದೋಷವಿದ್ದರೆ ಆಸರೆಗೆ ಮತ್ತೊಂದಿಲ್ಲ. ಹೆಂಗಸಿಗೆ ಎರಡು. ಒಂದರಲ್ಲಿ ದೋಷವಿದ್ದರೂ ಇನ್ನೊಂದು ಕೆಲಸ ಮಾಡುತ್ತದೆ. ಅವಳು ಆರೋಗ್ಯವಾಗಿಯೇ ಇದ್ದು ದೋಷವನ್ನು ಮಕ್ಕಳಿಗೆ ದಾಟಿಸಬಲ್ಲಳು. ಇಂಥವಳನ್ನು ವಾಹಕಿ ಎನ್ನುತ್ತಾರೆ. ವಾಹಕಿಯರಲ್ಲಿ ಎಷ್ಟೋ ಮಂದಿಗೆ ಸಿಪಿಕೆ ಪೂರ್ತಿ ಸಹಜವಾಗಿಯೇ ಇರುತ್ತದೆ. ಹೆಚ್ಚಿದ್ದರೆ ಅನುಮಾನ ಬಲವಾಗುತ್ತದೆ, ಹೆಚ್ಚಿಲ್ಲದಿದ್ದರೆ ಏನೂ ಸಾಬೀತಾಗುವುದಿಲ್ಲ. ಇದು ಹೊಸ ವಿಷಯವೂ ಅಲ್ಲ. ಒಬ್ಬ ಹೆಣ್ಣುಮಗಳ ಮುಂದಿನ ಬದುಕಿನ ಬಗ್ಗೆ ಅಷ್ಟು ಸಲೀಸಾಗಿ ಭರವಸೆ ಕೊಡುವವರ ಮೇಲೆ ನನಗೆ ಇಂದಿಗೂ ಸಿಟ್ಟಿದೆ.

ಬೆಂಗಳೂರಿನ ಆನುವಂಶಿಕ ಚಿಕಿತ್ಸಾಲಯದಲ್ಲಿ ನಮ್ಮನ್ನು ಮೊದಲು ಕೂರಿಸಿಕೊಂಡದ್ದು ವೈದ್ಯರಲ್ಲ, ಒಬ್ಬ ಸಲಹೆಗಾರ್ತಿ. ಅಮ್ಮನನ್ನೂ ಕರೆದುಕೊಂಡು ಬರಲು ಫೋನಿನಲ್ಲೇ ಹೇಳಿದ್ದರು. ಪರೀಕ್ಷೆ ನನಗೆ ತಾನೇ, ಹೊಳಲ್ಕೆರೆಯಿಂದ ವಯಸ್ಸಾದವಳನ್ನು ಏಕೆ ಅಲೆಸಬೇಕು ಎಂದು ನನಗನ್ನಿಸಿತ್ತು. ಅವರು ವಿವರಿಸಿದ ಮೇಲೆ ಅದರ ತರ್ಕ ಹಿಡಿಸಿತು. ಪರೀಕ್ಷೆ ಮೊದಲು ಆಗಬೇಕಾದದ್ದು ಕಾಯಿಲೆ ಇದ್ದವನಿಗೆ. ಅವನಲ್ಲಿ ದೋಷ ಎಲ್ಲಿದೆ ಎಂದು ಗೊತ್ತಿದ್ದರೆ ಉಳಿದವರಲ್ಲಿ ಅದೇ ಜಾಗವನ್ನು ನೋಡಿ ಇದೆ ಅಥವಾ ಇಲ್ಲ ಎಂದು ಹೇಳಬಹುದು. ಅವನೇ ಇಲ್ಲದಿರುವಾಗ ನೇರವಾಗಿ ನನ್ನನ್ನು ಪರೀಕ್ಷಿಸಿ ಏನೂ ಸಿಗಲಿಲ್ಲವೆಂದರೆ ಅದಕ್ಕೆ ಎರಡು ಅರ್ಥ: ನನ್ನಲ್ಲಿ ದೋಷ ಇಲ್ಲದಿರಬಹುದು, ಅಥವಾ ಈ ಪರೀಕ್ಷೆಗೆ ಸಿಗದ ಬಗೆಯ ದೋಷ ಇರಬಹುದು. ಹಾಗಾಗಿ ತಮ್ಮನಿಗೆ ಅತಿ ಹತ್ತಿರದ ಸಾಕ್ಷಿ ಅಮ್ಮ. ಅವಳಲ್ಲಿ ಸಿಕ್ಕಿದರೆ ಮಾತ್ರ ನನ್ನಲ್ಲಿ ಇಲ್ಲ ಎಂಬ ವರದಿಗೆ ಬೆಲೆ.

ನಾನು ಪ್ರೌಢಶಾಲೆಯಲ್ಲಿ ಗಣಿತ ಕಲಿಸುವವಳು. ಸಾಧ್ಯತೆಯ ಪಾಠವನ್ನು ನಾಣ್ಯ ದಾಳಗಳಲ್ಲಿ ಹೇಳಿಕೊಡುವ ನನಗೆ ಅದನ್ನು ನನ್ನ ಮನೆಯವರ ಹೆಸರುಗಳ ನಡುವೆ ನೋಡುವುದು ಕಷ್ಟವಾಯಿತು. ಸಲಹೆಗಾರ್ತಿ ದೊಡ್ಡ ಹಾಳೆಯಲ್ಲಿ ನಮ್ಮ ವಂಶವೃಕ್ಷ ಬರೆಯತೊಡಗಿದರು. ಗಂಡಸರಿಗೆ ಚೌಕ, ಹೆಂಗಸರಿಗೆ ವೃತ್ತ, ಕಾಯಿಲೆ ಇದ್ದವರ ಚೌಕಕ್ಕೆ ಕಪ್ಪು, ತೀರಿಕೊಂಡವರ ಮೇಲೆ ಓರೆಗೆರೆ. ತಮ್ಮನ ಚೌಕವನ್ನು ಅವರು ಮೆಲ್ಲಗೆ ತುಂಬುತ್ತಿದ್ದಾಗ ಅಮ್ಮ ಬೇರೆ ಕಡೆ ನೋಡುತ್ತಿದ್ದಳು.

ಡುಷೆನ್ ಇರುವ ಹುಡುಗರಲ್ಲಿ ಸುಮಾರು ಮೂರನೆಯ ಒಂದು ಭಾಗದಲ್ಲಿ ದೋಷ ತಾಯಿಯಿಂದ ಬಂದಿರುವುದಿಲ್ಲ, ಹೊಸದಾಗಿಯೇ ಹುಟ್ಟಿರುತ್ತದೆ ಎಂದು ಅವರು ಹೇಳಿದರು. ಇಂಥ ಕಾಯಿಲೆಗಳಲ್ಲಿ ಈ ಮೂರನೆಯ ಒಂದು ಎಂಬ ಲೆಕ್ಕಕ್ಕೆ ತಳಹದಿ ಹಾಕಿದವರು ಬ್ರಿಟಿಷ್ ವಿಜ್ಞಾನಿ ಜೆ.ಬಿ.ಎಸ್. ಹಾಲ್ಡೇನ್. 1935ರಲ್ಲಿ ಕುಸುಮ ರೋಗವನ್ನು, ಎಂದರೆ ಹಿಮೋಫಿಲಿಯಾವನ್ನು ಇಟ್ಟುಕೊಂಡು, ಜೀನ್ ಎಂದರೆ ಏನೆಂದು ಯಾರೂ ಕಂಡಿರದ ಕಾಲದಲ್ಲಿ, ಕೇವಲ ತರ್ಕದಿಂದ ಅವರು ಅದನ್ನು ಮಾಡಿದ್ದರು. ಮುಂದೆ ಅವರು ಭಾರತಕ್ಕೇ ಬಂದು ನೆಲೆಸಿ ಭುವನೇಶ್ವರದಲ್ಲಿ ತೀರಿಕೊಂಡರು ಎಂಬುದು ನನಗೆ ಗೊತ್ತಿತ್ತು. ಆ ಗಣಿತ ನಮ್ಮ ಮನೆಯೊಳಗೆ ಬರುತ್ತದೆಂದು ಮಾತ್ರ ಎಣಿಸಿರಲಿಲ್ಲ.

ಅಮ್ಮನ ಕಡೆ ಬೇರೆ ಯಾರಿಗಾದರೂ ಹೀಗಾಗಿತ್ತೇ ಎಂದು ಕೇಳಿದಾಗ ಅಮ್ಮ ಇಲ್ಲವೆಂದಳು. ಚಿಕ್ಕ ವಯಸ್ಸಿನಲ್ಲಿ ತೀರಿಕೊಂಡವರು? ಒಬ್ಬ ಅಣ್ಣ ಇದ್ದ, ಅವನಿಗೆ ಪೋಲಿಯೊ. ಸಲಹೆಗಾರ್ತಿ ಪೆನ್ನು ಕೆಳಗಿಟ್ಟು ಕೇಳಿದರು, “ಅವರ ಮೀನಖಂಡ ಹೇಗಿತ್ತು? ಸಣಕಲಾಗಿತ್ತೋ, ದಪ್ಪವಾಗಿತ್ತೋ?” ಅಮ್ಮ ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ, “ದಪ್ಪ. ಅದಕ್ಕೇ ಅವನನ್ನು ಪೈಲ್ವಾನ ಎಂದು ಕರೆಯುತ್ತಿದ್ದರು” ಎಂದಳು.

ಪೋಲಿಯೊ ಕಾಲನ್ನು ಒಣಗಿಸುತ್ತದೆ. ಡುಷೆನ್ ಆದ ಹುಡುಗರ ಮೀನಖಂಡ ಉಬ್ಬಿಕೊಳ್ಳುತ್ತದೆ. ಸತ್ತ ಸ್ನಾಯುವಿನ ಜಾಗದಲ್ಲಿ ಕೊಬ್ಬು ಮತ್ತು ನಾರು ತುಂಬಿ ನೋಡುವವರಿಗೆ ಗಟ್ಟಿಮುಟ್ಟಾದ ಕಾಲಿನಂತೆ ಕಾಣಿಸುತ್ತದೆ. ತಮ್ಮನ ಕಾಲೂ ಹಾಗೇ ಇತ್ತು. ಪೋಲಿಯೊ ಜ್ವರದೊಂದಿಗೆ ಬಂದು ಕೆಲವೇ ದಿನಗಳಲ್ಲಿ ಮಾಡುವಷ್ಟು ಹಾನಿ ಮಾಡಿ ನಿಲ್ಲುತ್ತದೆ. ನನ್ನ ಆ ಮಾವ ವರ್ಷದಿಂದ ವರ್ಷಕ್ಕೆ ಸೋಲುತ್ತಾ ಹೋಗಿದ್ದ. ನೆಲದಿಂದ ಏಳುವಾಗ ತನ್ನ ತೊಡೆಗಳ ಮೇಲೆ ಕೈಯೂರಿ ಹಂತ ಹಂತವಾಗಿ ಮೇಲೇರುತ್ತಿದ್ದ. ಅಮ್ಮ ಅದನ್ನು ಮಾಡಿ ತೋರಿಸಿದಳು. 1879ರಲ್ಲೇ ಗೋವರ್ಸ್ ಎಂಬ ಇಂಗ್ಲೆಂಡಿನ ವೈದ್ಯರು ಬರೆದಿಟ್ಟ ಲಕ್ಷಣ ಅದು. ಸಲಹೆಗಾರ್ತಿ ಎರಡನೆಯ ಚೌಕಕ್ಕೂ ಕಪ್ಪು ತುಂಬಿದರು. ಅಣ್ಣನಿಗೂ ಮಗನಿಗೂ ಒಂದೇ ಕಾಯಿಲೆಯಾದರೆ ನಡುವೆ ಇರುವ ಅಮ್ಮ ವಾಹಕಿ, ಅವಳ ತಾಯಿಯೂ ವಾಹಕಿ. ಇನ್ನು ಹೊಸ ದೋಷದ ಮಾತಿಲ್ಲ. ಉಳಿದದ್ದು ದೋಷದ ಜಾಗವನ್ನು ಕಂಡುಹಿಡಿಯುವುದು.

ಅಮ್ಮ ಆಗ ಒಂದು ಪ್ರಶ್ನೆ ಕೇಳಿದಳು. ಅದನ್ನು ಕೇಳಲೆಂದೇ ಅವಳು ಇಷ್ಟು ದೂರ ಬಂದಿದ್ದಳೇನೋ. ಅವಳು ತನ್ನ ಸೋದರಮಾವನನ್ನು ಮದುವೆಯಾದವಳು. ಮಗನಿಗೆ ಹೀಗಾದದ್ದು ಅದಕ್ಕೇ ಎಂದು ನೆಂಟರು ಹೇಳಿದ್ದರು, ವೈದ್ಯರೊಬ್ಬರು ಸಹ ಎಲ್ಲರ ಮುಂದೆ ಹೇಳಿದ್ದರು. ನಾವು ಆ ಮದುವೆ ಮಾಡಿಕೊಳ್ಳಬಾರದಿತ್ತೇ? ಸಲಹೆಗಾರ್ತಿ ಹಾಳೆಯ ಮೇಲೆ ಬೆರಳಿಟ್ಟು ತೋರಿಸಿದರು. ಗಂಡುಮಗುವಿಗೆ ಅಪ್ಪನಿಂದ ಬರುವುದು ವೈ ವರ್ಣತಂತು. ಎಕ್ಸ್ ಬರುವುದು ಅಮ್ಮನಿಂದ ಮಾತ್ರ. ಅಪ್ಪ ಯಾರಾಗಿದ್ದರೂ, ಬೇರೆ ಊರಿನ ಬೇರೆ ಕುಲದ ಯಾರನ್ನು ಮದುವೆಯಾಗಿದ್ದರೂ, ಈ ಕಾಯಿಲೆಯ ಸಾಧ್ಯತೆ ಇಷ್ಟೇ ಇರುತ್ತಿತ್ತು. ರಕ್ತಸಂಬಂಧದ ಮದುವೆಯಿಂದ ಹೆಚ್ಚುವ ಕಾಯಿಲೆಗಳು ಬೇರೆ ಇವೆ. ಅಪ್ಪ ಅಮ್ಮ ಇಬ್ಬರಿಂದಲೂ ಒಂದೊಂದು ದೋಷ ಬಂದು ಸೇರಿದಾಗ ಆಗುವಂಥವು. ಇದು ಅಂಥದ್ದಲ್ಲ. ಹಾಗಿದ್ದರೆ ತಪ್ಪು ನನ್ನೊಬ್ಬಳದೇ ಎಂದಳು ಅಮ್ಮ. ತನ್ನ ಎರಡು ಎಕ್ಸ್‌ಗಳಲ್ಲಿ ಯಾವುದನ್ನು ಮಗುವಿಗೆ ಕೊಡಬೇಕೆಂದು ಯಾವ ತಾಯಿಯೂ ಆರಿಸುವುದಿಲ್ಲ ಎಂದು ಅವರು ಎಷ್ಟೇ ತಿಳಿಸಿ ಹೇಳಿದರೂ ಆ ದಿನ ಅವಳಿಗೆ ಸಮಾಧಾನವಾಗಲಿಲ್ಲ. ಮದುವೆಯ ಆರೋಪವೊಂದು ಮಾತ್ರ ಅಂದು ಅವಳ ಮೇಲಿನಿಂದ ಇಳಿಯಿತು. ಅದನ್ನು ಹೊರಿಸಿದವರು ಯಾರೂ ಅಲ್ಲಿರಲಿಲ್ಲ.

ರಕ್ತ ಕೊಡುವುದು ಒಂದು ನಿಮಿಷದ ಕೆಲಸ. ವರದಿಗೆ ಕಾಯುವಾಗ ನಾನು ಈ ಜೀನಿನ ಬಗ್ಗೆ ಸಿಕ್ಕಿದ್ದೆಲ್ಲ ಓದಿದೆ. 1986ರಲ್ಲಿ ಬಾಸ್ಟನ್ನಿನ ಲೂಯಿ ಕುಂಕೆಲ್ ಅವರ ತಂಡ ಇದನ್ನು ಗುರುತಿಸಿತು. ಪ್ರೋಟೀನ್ ಯಾವುದು ಎಂದು ಗೊತ್ತಿಲ್ಲದೆ, ವರ್ಣತಂತುವಿನ ಮೇಲೆ ಅದು ಇರುವ ಜಾಗವನ್ನು ಹಿಡಿದುಕೊಂಡೇ ಜೀನನ್ನು ಹುಡುಕಿದ ಮೊದಲ ಕೆಲಸಗಳಲ್ಲಿ ಇದೊಂದು. ಮರುವರ್ಷ ಪ್ರೋಟೀನ್ ಸಿಕ್ಕಿತು, ಡಿಸ್ಟ್ರೋಫಿನ್ ಎಂದು ಹೆಸರಿಟ್ಟರು. ಮನುಷ್ಯನ ಜೀನುಗಳಲ್ಲಿ ಅತಿ ಉದ್ದದ್ದೆಂದು ಹೆಸರಾದದ್ದು ಇದು. ಸುಮಾರು 22 ಲಕ್ಷ ಅಕ್ಷರಗಳು. ಆದರೆ ಪ್ರೋಟೀನ್ ತಯಾರಿಕೆಗೆ ಬೇಕಾದ ಭಾಗ ಅದರಲ್ಲಿ ಅತ್ಯಲ್ಪ. 79 ತುಂಡುಗಳಾಗಿ ಅದು ಹರಡಿಕೊಂಡಿದೆ. ಒಂದೊಂದು ತುಂಡನ್ನೂ ಎಕ್ಸಾನ್ ಎನ್ನುತ್ತಾರೆ. ಇಷ್ಟು ಉದ್ದದ ಜೀನನ್ನು ನಕಲು ಮಾಡುವಾಗ ಎಡವಟ್ಟಾಗುವ ಅವಕಾಶವೂ ಹೆಚ್ಚು. ಡುಷೆನ್ ಹುಡುಗರಲ್ಲಿ ಮೂರನೆಯ ಎರಡು ಭಾಗದಷ್ಟು ಮಂದಿಗೆ ಒಂದೋ ಹಲವೋ ಎಕ್ಸಾನ್‌ಗಳು ಪೂರ್ತಿಯಾಗಿ ಬಿಟ್ಟುಹೋಗಿರುತ್ತವೆ.

ಹುಡುಗರಲ್ಲಿ ಅಂಥ ಲೋಪವನ್ನು ಕಂಡುಹಿಡಿಯುವುದು 1980ರ ದಶಕದ ಕೊನೆಗೇ ಸಾಧ್ಯವಾಗಿತ್ತು. ಅವರಿಗಿರುವುದು ಒಂದೇ ಎಕ್ಸ್, ಹಾಗಾಗಿ ಇಲ್ಲದ್ದು ಇಲ್ಲವೆಂದೇ ಕಾಣಿಸುತ್ತದೆ. ವಾಹಕಿಯಲ್ಲಿ ಇನ್ನೊಂದು ಎಕ್ಸ್ ಆ ಕೊರತೆಯನ್ನು ಮರೆಮಾಡುತ್ತದೆ. 2002ರಲ್ಲಿ ಎಂಎಲ್‌ಪಿಎ ಎಂಬ ವಿಧಾನ ಬಂದ ಮೇಲೆ ಈ ತೊಡಕು ಸಡಿಲವಾಯಿತು. ಅದು ಎಕ್ಸಾನ್ ಇದೆಯೇ ಎಂದು ಕೇಳುವುದಿಲ್ಲ, ಎಷ್ಟು ಪ್ರತಿ ಇದೆ ಎಂದು ಎಣಿಸುತ್ತದೆ. ಎರಡು ಪ್ರತಿ ಇದ್ದರೆ ಗೆರೆ ಪೂರ್ಣ ಎತ್ತರಕ್ಕೆ ಏಳುತ್ತದೆ, ಒಂದೇ ಇದ್ದರೆ ಅರ್ಧಕ್ಕೆ ನಿಲ್ಲುತ್ತದೆ.

ಅಮ್ಮನ ವರದಿಯಲ್ಲಿ 79 ಕಂಬಗಳಿದ್ದ ಒಂದು ನಕ್ಷೆ ಇತ್ತು. ಎಲ್ಲವೂ ಪೂರ್ಣ ಎತ್ತರದ ಆಸುಪಾಸಿನಲ್ಲಿ. 48, 49, 50 ಮಾತ್ರ ಅರ್ಧದಲ್ಲಿ. ನನ್ನ ನಕ್ಷೆಯನ್ನು ಅದರ ಪಕ್ಕದಲ್ಲಿ ಇಟ್ಟರು. ಅದೇ ಮೂರು ಕಂಬಗಳು, ಅದೇ ಅರ್ಧ ಎತ್ತರ. ಅವರು ಬಾಯಿ ತೆರೆಯುವ ಮೊದಲೇ ನನಗೆ ಅರ್ಥವಾಗಿತ್ತು.

ಆ ಮೂರು ಎಕ್ಸಾನ್‌ಗಳ ಉದ್ದವನ್ನು ನಾನು ಕೇಳಿ ಬರೆದುಕೊಂಡೆ: 186, 102, 109. ಜೀನಿನ ಅಕ್ಷರಗಳನ್ನು ಜೀವಕೋಶ ಮೂರು ಮೂರಾಗಿ ಓದುತ್ತದೆ. ಒಂದೊಂದು ಮೂರಕ್ಕೂ ಒಂದೊಂದು ಅಮೈನೊ ಆಮ್ಲ. ಕಳೆದುಹೋದ ಒಟ್ಟು ಅಕ್ಷರಗಳು 397. ಮೂರರಿಂದ ಭಾಗಿಸಿದರೆ ಒಂದು ಉಳಿಯುತ್ತದೆ. ಆ ಒಂದು ಶೇಷದಿಂದ ಮುಂದಿನ ಓದೆಲ್ಲ ಜಾರಿಹೋಗುತ್ತದೆ. ಸಾಲು ತಪ್ಪಿ ನೇಯ್ದ ಸೀರೆಯಲ್ಲಿ ಆ ಗೆರೆಯಿಂದ ಮುಂದೆ ಯಾವ ಹೂವೂ ಮೂಡದ ಹಾಗೆ, ಅಲ್ಲಿಂದಾಚೆ ಅರ್ಥವಿಲ್ಲದ ಅಕ್ಷರಗಳು, ಸ್ವಲ್ಪದರಲ್ಲೇ ನಿಲ್ಲು ಎಂಬ ಸಂಕೇತ, ಪ್ರೋಟೀನ್ ಅರ್ಧಕ್ಕೇ ಕಡಿತ. ಮುಂದಿನ ಎಕ್ಸಾನ್ 51ರ ಉದ್ದ 233. ಅದೂ ಸೇರಿ ಹೋಗಿದ್ದರೆ ಒಟ್ಟು 630. ಅದು ಮೂರರಿಂದ ಸರಿಯಾಗಿ ಭಾಗವಾಗುತ್ತದೆ. ಆಗ ನಡುವೆ ತುಸು ಗಿಡ್ಡವಾದ, ಆದರೆ ಎರಡೂ ತುದಿ ಸರಿಯಿರುವ ಡಿಸ್ಟ್ರೋಫಿನ್ ಆಗುತ್ತದೆ. ಅಂಥ ಲೋಪವಿರುವವರಿಗೆ ಸಾಮಾನ್ಯವಾಗಿ ಬರುವುದು ಬೆಕರ್ ಎಂಬ ಸೌಮ್ಯ ರೂಪ. ಅವರಲ್ಲಿ ಎಷ್ಟೋ ಮಂದಿ ಮಧ್ಯವಯಸ್ಸಿನಲ್ಲೂ ನಡೆದಾಡಿಕೊಂಡಿರುತ್ತಾರೆ. ಇನ್ನೂ ಹೆಚ್ಚು ಕಳೆದುಕೊಂಡಿದ್ದರೆ ನನ್ನ ತಮ್ಮ ಬದುಕಿರುತ್ತಿದ್ದ. ಈ ಲೆಕ್ಕ ಮಾಡಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಇದೇ ಲೆಕ್ಕದ ಮೇಲೆ ಔಷಧಗಳೂ ಹುಟ್ಟಿವೆ. 51ನೇ ಎಕ್ಸಾನನ್ನು ಜೀವಕೋಶ ಓದದೆ ದಾಟುವಂತೆ ಮಾಡಿ ಶೇಷವನ್ನು ಸೊನ್ನೆಗೆ ತರುವ ಎಟೆಪ್ಲಿರ್ಸೆನ್ ಎಂಬ ಔಷಧಕ್ಕೆ ಅಮೆರಿಕದಲ್ಲಿ 2016ರಲ್ಲಿ ಅನುಮತಿ ಸಿಕ್ಕಿತು. ಅದರಿಂದ ಮೂಡುವ ಡಿಸ್ಟ್ರೋಫಿನ್ ಅತಿ ಕಡಿಮೆ, ಬೆಲೆ ಅತಿ ಹೆಚ್ಚು, ಹುಡುಗರಿಗೆ ಎಷ್ಟು ಅನುಕೂಲವಾಗುತ್ತದೆ ಎಂಬ ಚರ್ಚೆಯೂ ಜೋರಾಗಿಯೇ ನಡೆಯಿತು. ಆದರೂ ದಾರಿ ಸರಿಯಾದದ್ದು ಎಂದು ನಾನು ನಂಬುತ್ತೇನೆ. ಈ ದಾರಿಯಲ್ಲಿ ಯಾವ ಔಷಧ ಯಾವ ಹುಡುಗನಿಗೆ ಎಂದು ಹೇಳಬೇಕಾದರೆ ಮೊದಲು ಅವನ ಲೋಪ ಯಾವುದೆಂದು ಗೊತ್ತಿರಬೇಕು. ಪರೀಕ್ಷೆಯಿಂದ ಏನು ಪ್ರಯೋಜನ ಎಂದು 1999ರಲ್ಲಿ ಕೇಳಿದವರಿಗೆ ಇದೂ ಒಂದು ಉತ್ತರ.

ನನ್ನ ಫಲಿತಾಂಶಕ್ಕಿಂತ ಮುಖ್ಯವಾದದ್ದು ಆ ದಿನ ವೈದ್ಯೆ ಕೊನೆಯಲ್ಲಿ ಕೇಳಿದ್ದು: ಅಮ್ಮನ ಹೃದಯವನ್ನು ಯಾವಾಗ ನೋಡಿಸಿದ್ದೀರಿ? ಯಾವಾಗಲೂ ಇಲ್ಲ. ಡಿಸ್ಟ್ರೋಫಿನ್ ಕೈಕಾಲಿನ ಸ್ನಾಯುವಿಗೆ ಮಾತ್ರವಲ್ಲ, ಹೃದಯದ ಸ್ನಾಯುವಿಗೂ ಬೇಕು. ಹೆಂಗಸಿನ ಪ್ರತಿ ಜೀವಕೋಶದಲ್ಲೂ ಎರಡು ಎಕ್ಸ್‌ಗಳಲ್ಲಿ ಒಂದು ಮುಚ್ಚಿಕೊಳ್ಳುತ್ತದೆ ಎಂದು 1961ರಲ್ಲಿ ಮೇರಿ ಲಯನ್ ಎಂಬ ವಿಜ್ಞಾನಿ ಹೇಳಿದ್ದರು. ಯಾವುದು ಮುಚ್ಚುತ್ತದೆ ಎಂಬುದು ಆಕಸ್ಮಿಕ. ಒಳ್ಳೆಯದು ಮುಚ್ಚಿದ ಕೋಶಗಳು ಹೃದಯದಲ್ಲಿ ಹೆಚ್ಚಿದ್ದರೆ ವಾಹಕಿಯ ಹೃದಯವೂ ನಿಧಾನವಾಗಿ ಸೋಲಬಹುದು. ಆದ್ದರಿಂದ ವಾಹಕಿಯರು ಮೂರರಿಂದ ಐದು ವರ್ಷಕ್ಕೊಮ್ಮೆ ಹೃದಯ ಪರೀಕ್ಷೆ ಮಾಡಿಸಿಕೊಳ್ಳಬೇಕು. ನಮಗೆ ಇದನ್ನು ಅದುವರೆಗೆ ಯಾರೂ ಹೇಳಿರಲಿಲ್ಲ.

ಅಮ್ಮನ ಎಕೋದಲ್ಲಿ, ಎಂದರೆ ಹೃದಯದ ಸ್ಕ್ಯಾನಿಂಗ್‌ನಲ್ಲಿ, ಹೃದಯದ ಎಡಭಾಗದ ಕೆಳಗಿನ ಕೋಣೆ ಹಿಗ್ಗಿರುವುದು ಕಂಡಿತು. ಅದು ರಕ್ತವನ್ನು ನೂಕುವ ಶಕ್ತಿ ಕುಂದಿತ್ತು. ಎರಡು ಮೂರು ವರ್ಷದಿಂದ ಅವಳು ಮೆಟ್ಟಿಲು ಹತ್ತುವಾಗ ನಿಂತು ನಿಂತು ಹತ್ತುತ್ತಿದ್ದಳು. ವಯಸ್ಸಾಯಿತು, ಮಗನನ್ನು ಎತ್ತಿ ಎತ್ತಿ ದೇಹ ದಣಿದಿದೆ ಎಂದು ನಾವೆಲ್ಲ ಅಂದುಕೊಂಡಿದ್ದೆವು. ತಮ್ಮನನ್ನು ಅವಳು ಹಾಸಿಗೆಯಿಂದ ಕುರ್ಚಿಗೆ, ಕುರ್ಚಿಯಿಂದ ಬಚ್ಚಲಿಗೆ ಹೊತ್ತಿದ್ದಾಳೆ. ರಾತ್ರಿ ಅವನು ಮಗ್ಗುಲು ಬದಲಿಸಲು ಕರೆದಾಗಲೆಲ್ಲ ಎದ್ದಿದ್ದಾಳೆ. ಅಷ್ಟೂ ವರ್ಷ ಅದೇ ಲೋಪ ಅವಳ ಹೃದಯದಲ್ಲೂ ಇತ್ತು. ಮಾತ್ರೆಗಳು ಆರಂಭವಾದವು. ಈಗ ಅವಳ ಉಸಿರಾಟ ಸರಾಗವಾಗಿದೆ, ಕಳೆದ ಎಕೋ ಹಿಂದಿನದಕ್ಕಿಂತ ಚೆನ್ನಾಗಿ ಬಂದಿದೆ. ನನ್ನ ಮಗುವಿಗಾಗಿ ಮಾಡಿಸಿದ ಪರೀಕ್ಷೆ ಮೊದಲು ಕಾಪಾಡಿದ್ದು ನನ್ನ ಅಮ್ಮನನ್ನು.

ನಾನು ಗರ್ಭಿಣಿಯಾದಾಗ ಮುಂದಿನ ಹೆಜ್ಜೆಗಳು ಸ್ಪಷ್ಟವಾಗಿದ್ದವು. ಹನ್ನೆರಡನೇ ವಾರದ ಹೊತ್ತಿಗೆ ಸ್ಕ್ಯಾನಿಂಗ್‌ನಲ್ಲಿ ನೋಡುತ್ತಾ ಸೂಜಿಯಿಂದ ಜರಾಯುವಿನ ಸಣ್ಣ ಅಂಶ ತೆಗೆದರು. 1994ರ ಭ್ರೂಣಲಿಂಗ ಪತ್ತೆ ನಿಷೇಧ ಕಾಯ್ದೆಯ ಅಡಿಯಲ್ಲಿ ಇಂಥ ಪರೀಕ್ಷೆಗೆ ನೋಂದಾಯಿತ ಕೇಂದ್ರ ಬೇಕು, ಕಾರಣ ದಾಖಲಾಗಬೇಕು, ಗರ್ಭಿಣಿಗೆ ಅರ್ಥವಾಗುವ ಭಾಷೆಯಲ್ಲಿ ಒಪ್ಪಿಗೆ ಪಡೆಯಬೇಕು. ಕನ್ನಡದಲ್ಲಿದ್ದ ಅರ್ಜಿಗೆ ನಾನು ಸಹಿ ಹಾಕಿದೆ. ಮಗು ಗಂಡೋ ಹೆಣ್ಣೋ ಎಂದು ಅವರು ಹೇಳುವುದಿಲ್ಲ, ನಾವು ಕೇಳುವಂತಿಲ್ಲ. ನನ್ನ ರಕ್ತವನ್ನೂ ಮತ್ತೆ ತೆಗೆದುಕೊಂಡರು. ತೆಗೆದ ಅಂಶದಲ್ಲಿ ನನ್ನದೇ ಕೋಶಗಳು ಬೆರೆತಿಲ್ಲವೆಂದು ಖಚಿತಪಡಿಸಿಕೊಳ್ಳದಿದ್ದರೆ ಮಗುವಿನ ವರದಿಯೆಂದು ನನ್ನ ವರದಿಯನ್ನೇ ಓದುವ ಅಪಾಯವಿರುತ್ತದೆ.

ಕಾಯುವ ದಿನಗಳಲ್ಲಿ ನನ್ನನ್ನು ಕಾಡಿದ್ದು ಸೂಜಿಯಲ್ಲ. ನನ್ನ ತಮ್ಮ ಕ್ರಿಕೆಟ್ ಪಂದ್ಯಗಳ ಅಂಕಪಟ್ಟಿಯನ್ನು ನೋಟುಪುಸ್ತಕಗಳಲ್ಲಿ ಓವರ್ ಓವರಾಗಿ ಬರೆದಿಡುತ್ತಿದ್ದ, ಬೆರಳು ಪೆನ್ನು ಹಿಡಿಯಲಾರದಾಗ ನನ್ನಿಂದ ಬರೆಸುತ್ತಿದ್ದ. ಅವನಿಲ್ಲದ ಮನೆ ನನಗೆ ಊಹೆಗೂ ನಿಲುಕುವುದಿಲ್ಲ. ಈ ಪರೀಕ್ಷೆ ಮಾಡಿಸುವುದೆಂದರೆ ಅವನು ಹುಟ್ಟಬಾರದಿತ್ತು ಎಂದಂತೆಯೇ? ಹಾಗಲ್ಲ ಎಂದು ನನಗೆ ನಾನೇ ಹೇಳಿಕೊಂಡೆ, ಈಗಲೂ ಹಾಗೇ ನಂಬಿದ್ದೇನೆ. ಅವನು ಬೇಡವಾಗಿರಲಿಲ್ಲ, ಅವನು ಪಟ್ಟ ಪಾಡು ಬೇಡವಾಗಿತ್ತು. ವರದಿ ಬೇರೆ ರೀತಿ ಬಂದರೆ ಏನು ಮಾಡಬೇಕೆಂದು ನಾನೂ ನನ್ನ ಗಂಡನೂ ಮೊದಲೇ ಮಾತಾಡಿ ತೀರ್ಮಾನಿಸಿದ್ದೆವು. ಆ ತೀರ್ಮಾನ ನಮ್ಮಿಬ್ಬರದು, ಇಲ್ಲಿ ಬರೆಯುವುದಿಲ್ಲ. ಅದನ್ನು ತೆಗೆದುಕೊಳ್ಳಬೇಕಾದ ಬೇರೆ ದಂಪತಿಗೆ ಯಾರೂ ಹೊರಗಿನಿಂದ ಉಪದೇಶ ಮಾಡಬಾರದು.

ಲೋಪ ಕಂಡುಬಂದಿಲ್ಲ ಎಂದು ವರದಿ ಬಂತು. ಮಗ ಹುಟ್ಟಿದ.

ಅಜ್ಜಿ ವಾಹಕಿಯಾಗಿದ್ದಳು ಎಂದಾದ ಮೇಲೆ ಅಮ್ಮನ ಇಬ್ಬರು ತಂಗಿಯರಿಗೂ ಅರ್ಧದಷ್ಟು ಸಾಧ್ಯತೆ ಇದೆ. ಅವರ ಹೆಣ್ಣುಮಕ್ಕಳ ಮೇಲೂ ಆ ಪ್ರಶ್ನೆ ನಿಂತಿದೆ. ಇದನ್ನು ಅವರಿಗೆ ಹೇಳುವುದು ಈ ಇಡೀ ಪ್ರಕ್ರಿಯೆಯಲ್ಲಿ ಅತಿ ಕಠಿಣವಾದ ಭಾಗವಾಯಿತು. ಹಿರಿಯ ಚಿಕ್ಕಮ್ಮ ಫೋನ್ ಇಟ್ಟುಬಿಟ್ಟಳು. ಅವಳ ಮನೆಯಲ್ಲಿ ಮದುವೆಗೆ ಬಂದ ಮಗಳಿದ್ದಾಳೆ. ವಿಷಯ ಹೊರಗೆ ಹೋದರೆ ಸಂಬಂಧ ಕೂಡಿಬರುವುದಿಲ್ಲ ಎಂಬುದು ಅವಳ ಭಯ. ಆ ಭಯ ಸುಳ್ಳಲ್ಲ, ನಮ್ಮ ಊರುಗಳನ್ನು ಬಲ್ಲವರಿಗೆ ಅದು ಗೊತ್ತು. ಆದರೂ ಒಂದು ಕಪ್ಪು ಚೌಕವನ್ನು ಪೋಲಿಯೊ ಎಂದು ಮುಚ್ಚಿಟ್ಟದ್ದರಿಂದಲೇ ಅಮ್ಮ ಯಾವ ಎಚ್ಚರಿಕೆಯೂ ಇಲ್ಲದೆ ಮಗನನ್ನು ಹೆತ್ತಳು. ನಾನು ವರದಿಯ ಪ್ರತಿಯನ್ನೂ, ಕನ್ನಡದಲ್ಲಿ ಬರೆದ ಒಂದು ಪತ್ರವನ್ನೂ ಎರಡೂ ಮನೆಗಳಿಗೆ ಅಂಚೆಯಲ್ಲಿ ಕಳುಹಿಸಿದೆ. ಎಕ್ಸಾನ್ ಸಂಖ್ಯೆಗಳನ್ನು ದೊಡ್ಡದಾಗಿ ಬರೆದೆ. ಹೃದಯ ಪರೀಕ್ಷೆಯ ಮಾತನ್ನು ಎಲ್ಲಕ್ಕಿಂತ ಮೊದಲು ಬರೆದೆ, ಏಕೆಂದರೆ ಅದಕ್ಕೆ ಮದುವೆಯ ಹಂಗಿಲ್ಲ.

ಕಿರಿಯ ಚಿಕ್ಕಮ್ಮನ ಮಗಳು ಮೊನ್ನೆ ಫೋನ್ ಮಾಡಿದಳು. ಅವಳಿಗೆ ನಾಲ್ಕು ವರ್ಷದ ಮಗನಿದ್ದಾನೆ. ಅಂಗನವಾಡಿಯಲ್ಲಿ ಮಕ್ಕಳೊಂದಿಗೆ ಓಡುವಾಗ ಹಿಂದೆ ಬೀಳುತ್ತಾನೆ, ತುದಿಗಾಲಲ್ಲಿ ನಡೆಯುತ್ತಾನೆ ಎಂದಳು. ಮೀನಖಂಡದ ಬಗ್ಗೆ ನಾನು ಕೇಳಿದೆ. ಮುಂದಿನ ಸೋಮವಾರ ಇಬ್ಬರ ರಕ್ತವೂ ಬೆಂಗಳೂರಿಗೆ ಹೋಗುತ್ತದೆ. ಏನು ಹುಡುಕಬೇಕೆಂದು ಪ್ರಯೋಗಾಲಯಕ್ಕೆ ಈ ಸಲ ಮೊದಲೇ ಗೊತ್ತಿದೆ: 48, 49, 50. ಅವನಲ್ಲಿ ಅದು ಇದ್ದರೆ ನಡೆಯುವ ಶಕ್ತಿಯನ್ನು ಇನ್ನಷ್ಟು ವರ್ಷ ಉಳಿಸುವ ಸ್ಟೀರಾಯ್ಡ್ ಚಿಕಿತ್ಸೆಯನ್ನು ಸರಿಯಾದ ವಯಸ್ಸಿನಲ್ಲೇ ಆರಂಭಿಸಬಹುದು. ಅವರ ಜೊತೆಯಲ್ಲಿ ಹೋಗಲು ನಾನು ರಜೆ ಹಾಕಿದ್ದೇನೆ. ಅಮ್ಮನೂ ಬರುತ್ತೇನೆ ಎಂದಿದ್ದಾಳೆ.